ಮುಂದೆ ಕೂತವರು ಕೂಗಬೇಕು

ಬಾಯಿ ತೆಗೀಬೇಡ! ಡಾಕ್ಟ್ರು ಎಂತ ಹೇಳಿದ್ರು? ಹತ್ತಿ ಕಚ್ಚಿಕೊಂಡು ಸುಮ್ಮನೆ ಕೂತಿರಬೇಕು. ಮಾತಾಡಿದ್ರೆ ಮತ್ತೆ ರಕ್ತ ಬರ್ತದೆ. ಹಾಂ... ಹಾಗೆ. ಇಲ್ಲೇ ಕೂರು ರಮಾ, ಈ ಟ್ರೇಲರಿನ ಮೇಲೆ. ದೋಣಿಗೆ ಒರಗಿಕೋ. ಲಿಫ್ಟು ಸರಿಯಾಗಲಿ. ಹಲ್ಲು ಕೀಳಿಸಿಕೊಂಡು ಬಂದವಳು ನಾಲ್ಕು ಮಾಳಿಗೆ ಹತ್ತೂದು ಬೇಡ.

ಎಂತಕ್ಕೆ ನಗೂದು? ಮೂಗಿನಲ್ಲೇ ನಗ್ತಾ ಇದ್ದೀಯಲ್ಲ, ಕೇಳ್ತದೆ ನನಗೆ... ಓ, ವಾಚ್‌ಮನ್‌ನನ್ನ 'ಹಿತೇಶ್ ಭಾಯ್' ಅಂದದ್ದಕ್ಕಾ? ಬಿಸಿಲಿನಿಂದ ಒಳಗೆ ಬಂದದ್ದು ಮಾರಾಯ್ತಿ, ಕಣ್ಣು ಕತ್ತಲೆ ಕಟ್ತದೆ. ಯಾರಿಗಾದ್ರೂ ಕಟ್ತದೆ. ಅದೂ ಅಲ್ಲದೆ ಸೊಸೈಟಿ ಸೆಕ್ರೆಟರಿ ಹಿತೇಶ್‌ದೂ ವಾಚ್‌ಮನ್‌ದೂ ಹೊಟ್ಟೆ ಒಂದೇ ಅಳತೆ. ಸಾಕು ನಗೂದು. ಹೊಲಿಗೆ ಬಿಚ್ಚೀತು.

ಮದುವೆಯಾದಾಗಿನಿಂದ ನೀನು ಮಾತಾಡಿದ್ದು, ನಾನು ಹೂಂ ಅಂದದ್ದು. ಇವತ್ತು ಉಲ್ಟಾ. ನನಗೆ ಮಾತು ಬರೂದಿಲ್ಲ, ಗೊತ್ತುಂಟಲ್ಲ ನಿನಗೆ? ಆದ್ರೂ ಹೇಳ್ತೇನೆ. ಹೇಳಲೇಬೇಕು. ಭಾನುವಾರದ ಒಳಗೆ ದೋಣಿ ಇಲ್ಲಿಂದ ಹೋಗಬೇಕಂತೆ. ಹಿತೇಶ್ ನಿನ್ನೆ ಬಂದು ಹೇಳಿದ. ಟ್ಯಾಂಕರು ತಿರುಗೂದಿಲ್ಲ, ಮಕ್ಕಳು ಹತ್ತಿ ಹಾರ್ತಾರೆ, ಮಳೆನೀರು ನಿಂತು ಸೊಳ್ಳೆ. "ಅಂಕಲ್, ಪಾರ್ಕಿಂಗ್ ಗಾಡಿಗೆ, ಜಹಾಜಿಗೆ ಅಲ್ಲ" ಅಂತ ಬೇರೆ. ಜಹಾಜು! ಹದಿನಾಲ್ಕು ಅಡಿ ಉಂಟು ಇದು. ಹಾಯಿಕಂಬ ಇಳಿಸಿ ಮೇಲೆ ಮಲಗಿಸಿದ್ರೆ ಒಂದು ಟೆಂಪೋದಷ್ಟೂ ಇಲ್ಲ.

ಉಸ್ ಅಂತೀಯಾ? ನೋವಾ? ಐಸು ಒತ್ತು. ಆ ಬಿಳಿ ಚೀಲದಲ್ಲಿ ಉಂಟು... ಚೀಲ ಬಿಳಿ ಅಲ್ವಾ? ಯಾವುದೋ ಒಂದು. ಒತ್ತು.

ಜಾಗ ಹುಡುಕಲಿಲ್ಲ ಅಂತ ತಿಳೀಬೇಡ. ಮೊದಲು ತುರ್ಭೆಗೆ ತಕ್ಕೊಂಡು ಹೋದೆವು, ನಮ್ಮ ಹೋಟೆಲಿನ ಹಿಂದೆ. ಜೀಪು ಬಿಟ್ಟದ್ದು ನಿನ್ನ ಮಗ ಸಂದೇಶ. ನನಗೆ ಸೊಂಟ ನೋವಿತ್ತು, ಅದಕ್ಕೆ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಹೋಗಿ ಮುಟ್ಟಿದ್ರೆ ಕಂಬದ ಉದ್ದಕ್ಕೂ ಒದ್ದೆ ಬನಿಯನ್ನು, ಲುಂಗಿ. ತಾಡಪತ್ರಿ ಎತ್ತಿದ್ರೆ ಒಳಗೆ ಒಬ್ಬ ಹಮಾಲ ನಿದ್ದೆ. ಎಂಥ ಗೊರಕೆ! ರಾತ್ರಿಪಾಳಿ ಮಾಡಿ ಬಂದವ. ಎಬ್ಬಿಸಲಿಕ್ಕೆ ಮನಸ್ಸು ಬರಲಿಲ್ಲ. ಆದ್ರೆ ಇವತ್ತು ಒಬ್ಬ ಮಲಗಿದ್ರೆ ನಾಳೆ ನಾಲ್ಕು ಜನ, ನಾಡಿದ್ದು ಒಳಗೇ ಸ್ಟವ್ವು. ವಾಪಸು ತಂದೆವು.

ಆಮೇಲೆ ಮಹಾಪೆ. ಸಂದೇಶನ ದೋಸ್ತನ ಕಂಪನಿ. ಕಂಪೌಂಡು ಎಷ್ಟು ದೊಡ್ಡದು ಅಂತಿ! ಗೇಟಿನಲ್ಲಿ ಸೆಕ್ಯುರಿಟಿಯವ ಕೇಳಿದ, ಇದು ಗಾಡಿಯಾ, ಮಾಲಾ? ಗಾಡಿ ಅಂದ್ರೆ ಆರ್‌ಸಿ ತೋರಿಸಬೇಕು, ಮಾಲು ಅಂದ್ರೆ ಚಲನ್ ತೋರಿಸಬೇಕು. ನಾನು ದೋಣಿ ಅಂದೆ. "ದೋಣಿಗೆ ಕಾಲಮ್ಮು ಇಲ್ಲ ಬಾಬಾ" ಅಂದ. ಪಾಪ, ಅವನು ಹೇಳಿದ್ದೂ ಸರಿಯೇ.

ಇನ್ನು ನಿನ್ನ ತಮ್ಮ. ಬದಲಾಪುರದ ಪ್ಲಾಟು. "ಭಾವಾ, ತಂದು ಬಿಡಿ, ಮಾವಿನ ಗಿಡದ ಬುಡದಲ್ಲಿ ಇಡುವ" ಅಂದ ಮನೀಶ. ಒಳ್ಳೆಯವನೇ, ಇಲ್ಲ ಅನ್ನೂದಿಲ್ಲ. ಆದ್ರೆ ಅಲ್ಲಿ ದೋಣಿ ಇಟ್ಟು ಎಂತ ಮಾಡೂದು? ಸಮುದ್ರದ ಖಾಡಿ ಎಲ್ಲಿ, ಬದಲಾಪುರ ಎಲ್ಲಿ! ಒಂದು ಮಳೆಗಾಲ ಕಳೆದ್ರೆ ಮನೀಶ ಅದರಲ್ಲಿ ಬಸಳೆ ಬಳ್ಳಿ ಹಬ್ಬಿಸ್ತಾನೆ. ಮೀನು ತಿನ್ನದ ನಾವು ಖಾಡಿಗೆ ಹೋಗೂದೇ ಜನಕ್ಕೆ ನಗೆ. ಇನ್ನು ದೋಣಿಯಲ್ಲಿ ಬಸಳೆ ಬೆಳೆದ್ರೆ ಊರೆಲ್ಲ ನಗ್ತದೆ. ಬದಲಾಪುರಕ್ಕೆ ಹೋದ ದೋಣಿ ತಿರುಗಿ ನೀರು ಕಾಣೂದಿಲ್ಲ. ಅದಕ್ಕೆ ಬೇಡ ಅಂದೆ.

ಎಂತ, ಬಳೆ ಸದ್ದು ಮಾಡ್ತೀ? ತಮ್ಮನನ್ನ ಬೈದೆ ಅಂತ ಸಿಟ್ಟಾ? ಬೈದದ್ದಲ್ಲ ಮಾರಾಯ್ತಿ.

ಕೇಳು. ಜಾಗ ಸಿಕ್ಕಿದೆ.

ದಿವಾ ಕೋಳಿವಾಡೆ, ಮೀನುಗಾರರ ಕೇರಿ. ಇಲ್ಲೇ, ಐರೋಲಿಯಿಂದ ಆಚೆ. ಜೆಟ್ಟಿಯ ಪಕ್ಕದಲ್ಲಿ ಚಂದ್ರಬಾಯಿಯ ಮನೆ. ಮನೆಯ ಬದಿಗೆ ಬಲೆ ಒಣಗಿಸುವ ಜಾಗ ಉಂಟು, ಮೇಲೆ ತಗಡು. ಟ್ರೇಲರು ಸೀದಾ ಒಳಗೆ ಹೋಗ್ತದೆ. ನೀರಿಗೆ ಇಳಿಸಲಿಕ್ಕೆ ಎಂತ ಕಷ್ಟವೂ ಇಲ್ಲ, ಇಳಿಜಾರು ಅಲ್ಲೇ. ಭರತದ ನೀರು ಏರಿದಾಗ ಇಳಿಸೂದು, ಇಳಿತ ಶುರುವಾಗುವ ಮೊದಲು ಹತ್ತಿಸೂದು. ತಡವಾದ್ರೆ ಕೆಸರು. ದೋಸ್ತ ಶ್ರೀಕಂಠ ಮತ್ತು ನಾನು ಒಮ್ಮೆ ಸಿಕ್ಕಿ ಬಿದ್ದದ್ದು ನೆನಪುಂಟಲ್ಲ? ನೀರು ಹೋಯ್ತು, ನಾವು ಉಳಿದೆವು. ಫ್ಲೆಮಿಂಗೋಗಳು ನಮ್ಮ ಸುತ್ತ ನಡೆದುಕೊಂಡು ಹೋದವು, ತಪಾಸಣೆಗೆ ಬಂದವರ ಹಾಗೆ. ಆ ಮೈಸೂರಿನವ ಗಂಟಲು ಒಣಗಿ ಸಾಯ್ತಾ ಇದ್ದ. ನನ್ನ ಹತ್ತಿರ ನೀನು ಕಟ್ಟಿಕೊಟ್ಟ ಮಜ್ಜಿಗೆ ಇತ್ತು. ಆವತ್ತಿನಿಂದ ಸಿಕ್ಕಿದಾಗೆಲ್ಲ "ನಿಮ್ಮ ಮನೆಯವರ ಮಜ್ಜಿಗೆ" ಅಂತ ಅದೇ ಮಾತು ಅವನದ್ದು.

ಈಗ ಅವನು ಇಲ್ಲಿ ಇಲ್ಲ. ಮಂಡಿ ನೋವು ಅಂತ ಹೆಂಡತಿ ನಳಿನಿ ಮೈಸೂರಿಗೆ ಕರಕೊಂಡು ಹೋದಳು. ದೋಣಿ ನನಗೆ ಬಿಟ್ಟ. ಅಲ್ಲಿಯವರೆಗೆ ಅವನು ಮುಂದೆ ಕೂರ್ತಿದ್ದ, ನಾನು ಹಿಂದೆ, ಚುಕ್ಕಾಣಿಗೆ.

ಇಲ್ಲಿ ಒಂದು ಮಾತುಂಟು. ಚಂದ್ರಬಾಯಿಯದ್ದು.

ಖಾಡಿಯಲ್ಲಿ ಅವರು ಬಲೆ ಕಟ್ಟಲಿಕ್ಕೆ ಗೂಟ ನೆಡ್ತಾರೆ. ಭರತ ಏರಿದಾಗ ಗೂಟದ ತಲೆ ಮಾತ್ರ ಕಾಣ್ತದೆ, ಇಷ್ಟೇ ಇಷ್ಟು. ಅದಕ್ಕೆ ಅವರಲ್ಲಿ ಯಾರೂ ಒಬ್ಬರೇ ಹೋಗೂದಿಲ್ಲ. ಹಿಂದೆ ಒಬ್ಬ, ಮುಂದೆ ಒಬ್ಬ. ಮುಂದೆ ಕೂತವರು ಕೂಗಬೇಕು. ಗೂಟ ಕಂಡ ಕೂಡಲೇ ಎಡ, ಬಲ ಅಂತ. "ಅಣ್ಣಾ, ಜಾಗ ಕೊಡ್ತೇನೆ, ನಾರಳಿ ಪೌರ್ಣಿಮೆಯೂ ಕಳೀತು, ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟಾಯ್ತು, ಇನ್ನು ಇಳಿಸಬಹುದು. ಆದ್ರೆ ಮುಂದೆ ಒಬ್ಬರು ಇಲ್ಲದೆ ನನ್ನ ಜೆಟ್ಟಿಯಿಂದ ಹೋಗಬಾರದು" ಅಂದಳು. ಮರಾಠಿಯಲ್ಲಿ ಬೈದೇ ಹೇಳಿದ್ದು.

ಎಂತಕ್ಕೆ ಬೈದದ್ದು ಅಂತಾ? ...ನೀನು ಕೇಳಿದ್ದಲ್ವಾ? ಕೇಳಿದ ಹಾಗಾಯ್ತು.

ಎಂತ ಇಲ್ಲ. ಹೋದ ಬುಧವಾರ ಒಂದು ಸಣ್ಣ... ಗಾಳಿ ತಿರುಗಿತು. ದೋಣಿ ಒಂದು ಗೂಟಕ್ಕೆ ತಾಗಿತು. ಬಲೆ ಹರೀತು ಸ್ವಲ್ಪ. ಅವಳದ್ದೇ ಬಲೆ. ಗೂಟ ಇದ್ದದ್ದೇ ಅಡ್ಡ ಜಾಗದಲ್ಲಿ! ಅವಳು ಜೆಟ್ಟಿಯಲ್ಲಿ ನಿಂತು ಕಿರಿಚಿದಳಂತೆ, ಕೈ ಬೀಸಿದಳಂತೆ, ಸೆರಗು ಬಿಚ್ಚಿ ಬೀಸಿದಳಂತೆ. ನಾನು ಎದುರಿಗೇ ಇದ್ದೆ ಅಂತಾಳೆ. ಗಾಳಿ ಜೋರಿತ್ತು, ಕೇಳಲಿಲ್ಲ. ಅಷ್ಟೇ. ಬಲೆ ನಾನೇ ಕೂತು ಸರಿ ಮಾಡಿಕೊಡ್ತೇನೆ ಅಂದ್ರೆ ಅವಳು ಕೊಡಲಿಲ್ಲ. "ನೀನು ಸೂಜಿಗೆ ದಾರ ಪೋಣಿಸು ನೋಡುವ" ಅಂದಳು. ನಾನು ಎದ್ದು ಬಂದೆ.

ಹೆಂಗಸಿಗೆ ಬಾಯಿ ಜೋರು. ನಿನಗಿಂತ ಜೋರು. ನೀವಿಬ್ಬರೂ ಸೇರಿದ್ರೆ ವಾಶಿ ಸೇತುವೆಯ ಮೇಲಿನ ಬಸ್ಸು ನಿಲ್ತದೆ... ನಗು ಬರಲಿಲ್ಲವಾ? ಬೇಡ, ನಗಬೇಡ, ಹೊಲಿಗೆ ಉಂಟು.

ರಮಾ, ನೀನು ಮುಂದೆ ಕೂರಬೇಕು.

ನನ್ನ ಮಾತು ಮುಗೀಲಿ! ನೀನು ಒಮ್ಮೆಯೂ ಹತ್ತಿದವಳಲ್ಲ, ನೀರು ಅಂದ್ರೆ ಹೆದರಿಕೆ, ಎಲ್ಲ ಗೊತ್ತು. ಲೈಫ್‌ಜಾಕೆಟು ಉಂಟು. ಕೆಂಪು... ಕೇಸರಿ, ಯಾವುದೋ. ದೂರ ಹೋಗೂದು ಬೇಡ. ವಾಶಿ ಕಡೆ ಬೇಡ, ಅಲ್ಲಿ ಸೇತುವೆಯ ಅಡಿಗೆ ಹೋಗಲಿಕ್ಕೆ ಹಾಯಿಕಂಬ ಇಳಿಸಬೇಕು. ಉರಣದ ಕಡೆ ಬೇಡವೇ ಬೇಡ, ದೊಡ್ಡ ಹಡಗು. ಇಲ್ಲೇ, ಮ್ಯಾಂಗ್ರೋವಿನ ಬದಿಗೆ. ಬೆಳಿಗ್ಗೆ ಹೊತ್ತು ಹೋಗಿ ಊಟಕ್ಕೆ ವಾಪಸು.

ನೀನು ಕೂಗು, ನಾನು ತಿರುಗಿಸ್ತೇನೆ. ನಮ್ಮ ಹೋಟೆಲು ಹೇಗೆ ನಡೆದದ್ದು, ಹೇಳು? ಒಳಗೆ ಕಾವಲಿಯ ಮುಂದೆ ನಿಂತವ ಗಿರಾಕಿಯ ಮುಖ ಕಂಡಿದ್ದಾನಾ? ಹೊರಗಿಂದ ಸಪ್ಲೈಯರು ಕೂಗೂದು, ಎರಡು ಮಸಾಲೆ, ಒಂದು ಸಾದಾ, ಒಂದು ಈರುಳ್ಳಿ ಬೇಡ. ಒಳಗೆ ನಾನು ಕಿವಿಯಲ್ಲಿ ಕೇಳಿ ಕೈಯಲ್ಲಿ ಮಾಡೂದು. ಅಷ್ಟು ವರ್ಷ ನಿಂತೆ. ಒಂದು ಪ್ಲೇಟು ತಪ್ಪಿದ್ದುಂಟಾ? ಹೊಗೆ ತುಂಬಿ ಕಾವಲಿಯೇ ಕಾಣದ ದಿನವೂ ದೋಸೆ ತಿರುಗಿಸಿದ್ದೇನೆ. ಇದೂ ಹಾಗೆಯೇ. ಹಾಯಿಯ ಹಗ್ಗ ಕೈಗೆ ಹೇಳ್ತದೆ, ಗಾಳಿ ಕೆನ್ನೆಗೆ ಹೇಳ್ತದೆ. ಗೂಟ ಮಾತ್ರ ಯಾರಾದ್ರೂ ಬಾಯಿಯಲ್ಲಿ ಹೇಳಬೇಕು. ಅಷ್ಟೇ ನಾನು ಕೇಳೂದು.

ಆಗ್ತದಾ?

ತಲೆ ಆಡಿಸಿದ್ರೆ ಸಾಕು.

...ರಮಾ? ಆಗ್ತದಾ ಇಲ್ವಾ?

ಹೋಟೆಲಿನ ಕೆಲಸ ಬಿಟ್ಟ ಮೇಲೆ ನನಗೆ ಇದೊಂದೇ ಇರೂದು. ಬೇರೆ ಎಂತ ಮಾಡಲಿ? ಪೇಪರು ಓದಿಕೊಂಡು ಕೂರು ಅಂತೀಯಾ? ಟಿವಿ ನೋಡು ಅಂತೀಯಾ? ಅದೆಲ್ಲ ನನಗೆ... ಬೇಸರ. ನೀರಿನ ಮೇಲೆ ಮಾತ್ರ ಸಮ ಇರೂದು ನಾನು. ಅಲ್ಲಿ ಎಲ್ಲ ದೊಡ್ಡ ದೊಡ್ಡದು. ಹಾಯಿ, ಆಕಾಶ, ಆಚೆ ದಡ. ಸಣ್ಣದು ಎಂತ ಇಲ್ಲ.

ಗೂಟ ಬಿಟ್ರೆ.

ಸುಮ್ಮನಿದ್ದೀಯಲ್ಲ. ಒಪ್ಪಿಗೆ ಅಂತ ತಿಳೀಲಾ? ಚಂದ್ರಬಾಯಿಗೆ ಆಗಲೇ ಹೇಳಿಯಾಗಿದೆ, ನೀನು ಬರ್ತಿ ಅಂತ... ಏನಾದ್ರೂ ಮಾಡು ಮಾರಾಯ್ತಿ! ಬೈದುಬಿಡು. ಒಂದು ಹೂಂ. ಇಲ್ಲವಾ, ಒಂದು ಊಹೂಂ. ಕಲ್ಲಿನ ಹಾಗೆ ಕೂತ್ರೆ ನಾನು ಎಂತ ಅಂತ ತಿಳಿಯೂದು? ಎಷ್ಟು ಸಲ ಕೇಳೂದು ನಾನು?

ಎಂತ? ಕೈ ಯಾಕೆ ಹಿಡಿದದ್ದು? ಎಲ್ಲಿಗೆ ಎಳೀತಿ... ಬಿಡು. ವಾಚ್‌ಮನ್ ನೋಡ್ತಾನೆ.

ಇದು... ನಿನ್ನ ತಲೆ.

ಆಡ್ತಾ ಉಂಟು.

ಆಚೆ. ಈಚೆ. ಆಚೆ. ಈಚೆ.

ನಾನು ಕೇಳಿದಾಗಿಂದ ಹೀಗೆ ಆಡಿಸ್ತಾ ಇದ್ದೀಯಾ?

...ಮೇಲೆ, ಕೆಳಗೆ. ಹೌದು.

ನಾನು ಎದುರಿಗೇ ಕೂತಿದ್ದೆ.

ಅಳಬೇಡ. ಬಾಯಿಯಲ್ಲಿ ಹತ್ತಿ ಉಂಟು, ಅಳಬೇಡ. ಸುತ್ತ ಎಲ್ಲ ಸರಿ ಉಂಟು ರಮಾ. ನಿನ್ನ ಸೀರೆ ಕಾಣ್ತದೆ, ಹಿಂದಿನ ಗೋಡೆ ಕಾಣ್ತದೆ. ನಡುವೆ ಮಾತ್ರ... ಸೀದು ಹೋದ ದೋಸೆಯ ನಡುವಿನ ಹಾಗೆ. ಎಲ್ಲಿ ನೋಡ್ತೇನೋ ಅಲ್ಲೇ ಬಂದು ಕೂರ್ತದೆ. ಮುಖ ನೋಡಿದ್ರೆ ಮುಖದ ಮೇಲೆ. ಡಾಕ್ಟ್ರಿಗೆ ತೋರಿಸಿದೆ, ಒಬ್ಬನೇ ಹೋಗಿ. ಹೋದದ್ದು ಬರೂದಿಲ್ಲ ಅಂದ್ರು.

ನಿನಗೆ ಗೊತ್ತಿತ್ತಾ? ...ಮೇಲೆ, ಕೆಳಗೆ.

ಸಂದೇಶನಿಗೆ? ...ಇಲ್ಲ.

ಹಾಗಾದ್ರೆ ದೋಣಿ? ತುರ್ಭೆ? ...ಅಲ್ಲ. ಮಹಾಪೆ ಆಗೂದಿಲ್ಲ, ಅದು ನನಗೇ ಗೊತ್ತು.

ದಿವಾ? ನಾನು ಹತ್ತೂದಿಲ್ಲ, ಸುಮ್ಮನೆ ನೀರಿನ ಹತ್ತಿರ ಇರಲಿ ಅಂತ... ಅದೂ ಬೇಡ. ಹೌದು. ಹತ್ತಿರ ಇದ್ರೆ ಹತ್ತಿಬಿಡ್ತೇನೆ ನಾನು.

...ಬದಲಾಪುರ?

ಹಾಂ.

ತಲೆ ನಿಲ್ಲಿಸು, ಸಾಕು. ಗೊತ್ತಾಯ್ತು. ಹೊಲಿಗೆ ಬಿಚ್ಚೀತು.

ಫೋನು ತಕ್ಕೋ, ಕಿಸೆಯಲ್ಲಿ ಉಂಟು. ನಂಬರು ನೀನು ಒತ್ತು. ನನಗೆ ಕಾಣೂದಿಲ್ಲ.

...ಸಂದೇಶಾ? ನಾನು, ಅಪ್ಪ. ಭಾನುವಾರ ಜೀಪು ತಕ್ಕೊಂಡು ಬಾ. ದೋಣಿ ಮಾವನಲ್ಲಿಗೆ.