ರೈನರ್ ಕೋಚ್‌ಗೊಂದು ಸನ್ಮಾನಪತ್ರ

…ಇಲ್ಲ ಗುಲ್‌ಶನ್, ನೀನು ಮೊದಲು ಕೂತ್ಕೋ. ಮಕ್ಕಳ ಫುಟ್‌ಬಾಲ್ ಟೀಮಿನ ಹದಿನಾಲ್ಕು ಮನೇನೂ ಸುತ್ತಿ ಕೊನೆಗೆ ನಮ್ಮನೆಗೆ ಬಂದಿದೀಯ, ಕಾಫಿನೂ ಬೇಡ ಅಂದ್ರೆ ಹೇಗೆ? ಗೊತ್ತು, ಗೊತ್ತು. ಸೋಮವಾರ ಕ್ಲಬ್ಬಿನ ಮೀಟಿಂಗು. ಅಷ್ಟರೊಳಗೆ ದೂರು ಬರೆದವರು ವಾಪಸ್ ತಗೊಂಡೆ ಅಂತ ಸೈನ್ ಹಾಕಿದ್ರೆ ರೈನರ್ ಕೋಚ್ ಕೆಲಸ ಉಳಿಯತ್ತೆ. ಆದರೆ ಹೆಸರೇ ಇಲ್ಲದ ದೂರಿಗೆ ಯಾರ ಸೈನ್ ಹಾಕಿಸ್ತೀಯ, ಹೇಳು? ಎಲ್ಲರೂ "ನಾವಲ್ಲ" ಅಂದ್ರು ತಾನೇ? ನೋಡು ಮತ್ತೆ.

ಅದಕ್ಕೇ ನಾನು ಬೇರೆ ದಾರಿ ಹಿಡಿದೆ. ಸನ್ಮಾನ. ನಮ್ಮ ಕನ್ನಡ ಕೂಟದಿಂದ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಫ್ರೇಮ್ ಹಾಕಿಸಿದ ಸನ್ಮಾನಪತ್ರ. ಕೆಳಗೆ ದಪ್ಪ ಅಕ್ಷರದಲ್ಲಿ "ಶ್ರೀಲತಾ, ಕಾರ್ಯದರ್ಶಿ". ಕೇಳು: "ಜರ್ಮನಿಯ ಕಾಲ್ಚೆಂಡು ಗಗನದಲ್ಲಿ ಹನ್ನೊಂದು ವರ್ಷ ಧ್ರುವತಾರೆಯಂತೆ ಬೆಳಗಿದ ಮಹನೀಯರೇ…"

ಯಾಕೆ ನಗ್ತೀಯ? ಸೆಕೆಂಡ್ ಡಿವಿಷನ್ ಅಂತ ನಂಗೂ ಗೊತ್ತು ಕಣೆ. ಹನ್ನೊಂದು ವರ್ಷಕ್ಕೆ ಎರಡೇ ಗೋಲು, ಅದರಲ್ಲೊಂದು ತನ್ನ ಟೀಮಿನ ಗೋಲಿಗೇ ಹೊಡೆದದ್ದು. ಅವನೇ ಹೇಳ್ಕೊಂಡು ನಗ್ತಿದ್ದ. ಆದರೆ ಸನ್ಮಾನಪತ್ರದಲ್ಲಿ ಯಾರಾದ್ರೂ ನಿಜ ಬರೀತಾರಾ? ಹೋದ ವರ್ಷ ಚಂದ್ರಶೇಖರ ಅಂಕಲ್‌ನ "ದಂತವೈದ್ಯ ಲೋಕದ ಸೂರ್ಯ" ಅಂದ್ವಿ. ಅವರು ಹಲ್ಲು ಕೀಳೋದು ಬಿಟ್ಟೇ ಹತ್ತು ವರ್ಷ.

ಮುಂದೆ… "ಮಂಡಿನೋವನ್ನೂ ಮೆಟ್ಟಿ, ಸಪ್ತಸಾಗರ ದಾಟಿ, ಡೆಟ್ರಾಯಿಟ್ ನಗರವನ್ನು ಪಾವನಗೊಳಿಸಿ…" ಅಂದ್ರೆ, ಅಲ್ಲಿ ಅವನು ಆಡೋಕೆ ಬಂದ ಟೀಮು ಒಂದೇ ಸೀಸನ್ನಿಗೆ ಬಾಗಿಲು ಹಾಕ್ತಲ್ಲ, ಅದು. ಆಮೇಲೆ ನಾರ್ತ್‌ವಿಲ್‌ನಲ್ಲಿ ಚಿಕ್ಕ ಮಕ್ಕಳಿಗೆ ಶೂ ಲೇಸ್ ಕಟ್ಟಿಕೊಂಡಿದ್ದ. ಅದಕ್ಕೆ "ಎಳೆಯ ಪ್ರತಿಭೆಗಳ ಶಿಲ್ಪಿ" ಅಂತ ಹಾಕಿದೀನಿ. ಅಲ್ಲಿಂದ ನಮ್ಮ ಶಾಮ್‌ಬರ್ಗ್ ಕ್ಲಬ್ಬು, ಹುಡುಗೀರ ಟೀಮು, ನಿನ್ನ ಸಾರಾ, ನನ್ನ ತನಿಷಾ.

ಲಾಲಿಪಾಪ್ ವಿಷಯ ಬಿಟ್ಟಿದೀನಿ. ನಿಂಗೆ ತಮಾಷೆ. ಮೈ ಕೊರೆಯೋ ಚಳೀಲಿ ಮೈದಾನದ ಗೆರೆ ಆಚೆ ನಿಂತಿರೋ ಅಪ್ಪ ಅಮ್ಮಂದಿರಿಗೆ ಒಂದೊಂದು ಲಾಲಿಪಾಪ್ ಕೊಟ್ಟು, ಇದನ್ನ ಬಾಯಲ್ಲಿಟ್ಕೊಳ್ಳಿ, ಮಕ್ಕಳ ಮೇಲೆ ಕೂಗ್ಬೇಡಿ ಅಂದನಲ್ಲ… ಓಕ್ ಬ್ರೂಕ್ ಆಫೀಸಲ್ಲಿ ನನ್ನ ಕೈಕೆಳಗೆ ನಲವತ್ತು ಜನ ಇದಾರೆ. ನಾನು ಸ್ಟ್ರಾಬೆರಿ ಲಾಲಿಪಾಪ್ ಚೀಪ್ಕೊಂಡು ನಿಂತಿದ್ದೆ.

ಏನು? ಹೌದು, ಅವನ ವೀಸಾ ಕ್ಲಬ್ಬಿನದ್ದು. ಕೆಲಸ ಹೋದ್ರೆ ಅರವತ್ತೇ ದಿನ, ಆಮೇಲೆ ದೇಶ ಬಿಡ್ಬೇಕು. ಅದನ್ನ ನಂಗೆ ಹೇಳ್ಬೇಕಾ? ಸ್ವರೂಪನ ಕೆಲಸ ಹೋದಾಗ ನಂಗಿನ್ನೂ ಕೆಲಸ ಮಾಡೋ ಪರ್ಮಿಟ್ಟೇ ಇರಲಿಲ್ಲ. ಗಂಡನ ಕಣ್ಣಿಗೆ ಬೀಳದ ಹಾಗೆ ಬೀರು ಬಾಗಿಲ ಒಳಗಡೆ ಕ್ಯಾಲೆಂಡರ್ ಅಂಟಿಸಿ ಒಂದೊಂದೇ ದಿನಕ್ಕೆ ಗೀಟು ಹಾಕಿದವಳು ನಾನು.

ಅಲ್ಲ ಕಣೆ, ದೂರು ಬರೆದೋಳಿಗೆ ಗೊತ್ತಿರಲಿಲ್ಲ ಅನ್ಸತ್ತೆ. ಬಿಳಿ ಮುಖ, ಜರ್ಮನಿ ಪಾಸ್‌ಪೋರ್ಟು… ಅಂಥೋರಿಗೂ ವೀಸಾ ಚಿಂತೆ ಇರತ್ತೆ ಅಂತ ಯಾರಿಗೆ ಹೊಳೆಯತ್ತೆ? ಅದು ನಮ್ಮಂಥೋರ ಕಾಯಿಲೆ ಅಂದ್ಕೊಂಡಿರ್ತೀವಿ. ಕೆಲಸದಿಂದ ತೆಗೀರಿ ಅಂತೇನೂ ಕೇಳಿರಲಿಲ್ಲ ಪಾಪ, ಬೇರೆ ಟೀಮಿಗೆ ಹಾಕಿ ಅಂತ ಅಷ್ಟೆ. ಹನ್ನೆರಡು ವರ್ಷದ ಹುಡುಗಿಯ ಸೀಸನ್ ರಿಪೋರ್ಟಲ್ಲಿ ಕೋಚ್ ಆದವನು "ಇವಳಿಗೆ ಓಡೋದು ಇಷ್ಟ, ಫುಟ್‌ಬಾಲ್ ಇಷ್ಟವಿಲ್ಲ" ಅಂತ ಬರೆಯೋದಾ? ಅದನ್ನ ಓದಿ ಮಗಳು ಅಳೋದು ಬಿಟ್ಟು, "ಫೈನಲಿ ಒಬ್ರಿಗೆ ಅರ್ಥ ಆಯ್ತು, ಅಮ್ಮಾ" ಅಂತ ನಕ್ಕುಬಿಟ್ರೆ, ಆರು ವರ್ಷ ಪ್ರಾಕ್ಟೀಸಿಗೆ ಡ್ರೈವ್ ಮಾಡಿದ ತಾಯಿಗೆ ಹೇಗಾಗತ್ತೆ…

ಯಾಕೆ ಹಾಗೆ ನೋಡ್ತಿದೀಯ? ದೂರಿನಲ್ಲಿ ಏನಿದೆ ಅಂತ ಕ್ಲಬ್ಬಿನೋರು ಎಲ್ಲರಿಗೂ… ಇಲ್ಲ. ತೋರಿಸಿಲ್ಲ. ಹೂಂ. ಯಾರಿಗೂ ತೋರಿಸಿಲ್ಲ.

ಬೈದುಬಿಡು ನನ್ನ. ಬೈದ್ರೆ ಜಗಳ ಆಡಬಹುದಿತ್ತು.

ವಾಪಸ್ ತಗೊಳ್ಳೋ ಕಾಗದ ತಾನೇ ಅದು? ಕೊಡು ಇಲ್ಲಿ. ತನಿಷಾ ಮಹಡಿ ಮೇಲಿದಾಳೆ, ಮೆತ್ತಗೆ ಮಾತಾಡು… ಅಲ್ಲ, ನೀನೆಲ್ಲಿ ಮಾತಾಡ್ತಿದೀಯ.

ಎಲ್ಲಿ, ಈ ಗೆರೆ ಮೇಲಾ? ಹೆಸರು ಪೂರ್ತಿ ಬರೀಬೇಕಾ?