ಸಿಡುಕಜ್ಜಿ ಸೋಪು

ಬಸ್ಸು ಬಾರದೆ ನನಗೆ ತಲೆ ಕೆಟ್ಟಿತ್ತು. ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಅತ್ತೆ ಸೊಸೆಗೆ ಮಾತ್ರ ಬಸ್ಸಿನ ಚಿಂತೆಯೇ ಇರಲಿಲ್ಲ. ಸೊಸೆಯ ಕೈಯಲ್ಲಿ ಅವರೇ ಮನೆಯಲ್ಲಿ ತಯಾರಿಸುವ ಬಟ್ಟೆ ಸೋಪಿನ ಪೊಟ್ಟಣವಿತ್ತು. ಅದರ ಮೇಲೆ ಹುಬ್ಬು ಗಂಟಿಕ್ಕಿದ ಅತ್ತೆಯ ಚಿತ್ರ.

“ಈ ಮುಖಕ್ಕೆ ನಾನು ಒಪ್ಪಿಗೆ ಕೊಡಲ್ಲ. ಊರೋರೆಲ್ಲ ಸಿಡುಕಜ್ಜಿ ಸೋಪು ಕೊಡಿ ಅಂತಾರೆ. ನಗೋ ಫೋಟೊ ಹಾಕು.”

“ಅತ್ತೆ, ನಗೋ ಅಜ್ಜಿನ ಆಗ್ಲೇ ನಮ್ಮ ಸೋಪನ್ನ ನಕಲು ಮಾಡ್ತಿರೋ ಆ ಕಳ್ಳ ತನ್ನ ಸೋಪಿಗೆ ಹಾಕ್ಕೊಂಡಿದಾನೆ. ಈಗ ನೀವೂ ನಕ್ರೆ ನಾವೇ ಅವನ್ನ ಕಾಪಿ ಹೊಡೆದ ಹಾಗಾಗುತ್ತೆ.”

“ಅವಳು ಯಾರ ಮನೆ ಅಜ್ಜಿ?”

“ಯಾರ ಮನೆಯೋಳೂ ಅಲ್ಲ. ಕಂಪ್ಯೂಟರ್ ಬರೆದಿದ್ದು.”

“ಅದಕ್ಕೇ ಅಷ್ಟೊಂದು ಹಲ್ಲು.”

“ಅವನು ಮೊದಲು ಅಜ್ಜಿ ಗುರುತನ್ನ ತನ್ನ ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸ್ಕೊಂಡ್ರೆ, ನಮ್ಮ ಸೋಪು ಮಾರೋಕೆ ನಾವೇ ಅವನ ಕೈಕಾಲು ಹಿಡೀಬೇಕು. ನಿಮ್ಮ ಮುಖಕ್ಕೆ ನಿಮ್ಮ ಸಹಿ ಬೇಕೇಬೇಕು ಅಂತಿದಾರೆ ವಕೀಲರು.”

“ನಡಿ, ಅವರ ಆಫೀಸಿಗೇ ಹೋಗಿ ಕೇಳ್ತೀನಿ.”

“ಅವರಿಗೆ ಆಫೀಸೇ ಇಲ್ಲ ಅತ್ತೆ. ಎಲ್ಲ ಫೋನಲ್ಲೇ.”

“ಕರಿ ಕೋಟಾದ್ರೂ ಇದೆಯೋ?”

“ನಾನು ವಿಡಿಯೋ ಕಾಲಲ್ಲಿ ಕುತ್ತಿಗೆವರೆಗೆ ಮಾತ್ರ ನೋಡಿದೀನಿ. ಇಲ್ಲೇ, ಫೋನಲ್ಲಿ ಈ ಗೆರೆ ಮೇಲೆ ಬೆರಳಲ್ಲಿ ಸಹಿ ಮಾಡಿ.”

ಅತ್ತೆ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಆ ಹಲ್ಲಿನೋಳ ಸೋಪಲ್ಲಿ ಕೊಳೆ ಹೋಗುತ್ತಾ?”

“ಎಲ್ಲಿ ಹೋಗುತ್ತೆ?”

“ಮತ್ತೆ? ಕೊಳೆ ನಗೋರಿಗೆ ಹೆದರುತ್ತಾ? ಕೊಡಿಲ್ಲಿ ಫೋನು.”

ಅಷ್ಟರಲ್ಲಿ ಅವರ ಬಸ್ಸು ಬಂತು. ಅತ್ತೆ ಹುಬ್ಬು ಗಂಟಿಕ್ಕಿಕೊಂಡು, ಒಂದು ಕಾಲು ಮೆಟ್ಟಿಲ ಮೇಲಿಟ್ಟೇ ಸಹಿ ಗೀಚಿ ಹತ್ತಿಬಿಟ್ಟರು.