ಹದಿನಾಲ್ಕನೇ ಕಾಲಂ

ಔಷಧಿ ಅಂಗಡಿಯೊಂದರ ಕ್ಯಾಷಿಯರ್ ಕೆಲಸಕ್ಕೆ ಸಂದರ್ಶನ. ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಅಕ್ಕತಂಗಿ ಕೂತಿದ್ದರು. ತಂಗಿ ಅರ್ಜಿಯ ಹದಿನಾಲ್ಕನೇ ಕಾಲಂ ಮೇಲೆ ಪೆನ್ನು ಕುಟ್ಟುತ್ತಲೇ ಇದ್ದಳು. ನನ್ನ ಅರ್ಜಿಯಲ್ಲೂ ಆ ಕಾಲಂ ಇನ್ನೂ ಖಾಲಿಯಿತ್ತು.

“ಸಾಲ ಇದೆಯೇ, ಎಷ್ಟು, ಯಾಕೆ ಅಂತ ಕೇಳಿದಾರೆ ಅಕ್ಕಾ.”

“ಇಲ್ಲ ಅಂತ ಗೀಚು, ಮುಗೀತು.”

“ಬ್ಯಾಂಕಲ್ಲಿ ವಿಚಾರಿಸ್ತಾರಂತೆ.”

“ಇವರಿಗ್ಯಾಕೆ ಇಲ್ಲದ ಉಸಾಬರಿ? ದುಡ್ಡು ಎಣಿಸೋಕೆ ಬರುತ್ತಾ ಅಂತ ಕೇಳಲಿ.”

“ಸಾಲ ಇರೋರು ಗಲ್ಲಾಪೆಟ್ಟಿಗೆಗೆ ಕೈ ಹಾಕ್ತಾರೆ ಅಂತ ಭಯ.”

“ಸಾಲ ಇಲ್ಲದೋರು ಈ ಸಂಬಳಕ್ಕೆ ಬರ್ತಾರಾ?”

“ಮೆಲ್ಲಗೆ ಮಾತಾಡೇ. ಹೋದ ಸಲ ಇನ್ನೊಂದು ಕೆಲಸದ ಅರ್ಜೀಲಿ ಸಾಲ ಇದೆ ಅಂತ ಬರೆದೆ, ಮತ್ತೆ ಕರೀಲೇ ಇಲ್ಲ.”

“ಅದಕ್ಕೇ ಬಡ್ಕೊಳ್ತಿರೋದು.”

“ಸುಳ್ಳು ಬರೆದು ಸಿಕ್ಕಿಬಿದ್ರೆ? ಈ ಸಲ ಕಾರಣಾನೂ ಬರೀತೀನಿ. ಭಾವನ ಆಪರೇಷನ್‌ಗೆ ಅಂತ.”

“ಬೇಡ! ಆ ದುಡ್ಡು ನೀನು ಸಾಲ ಮಾಡಿ ತಂದಿದ್ದು ಅಂತ ನಿಮ್ಮ ಭಾವಂಗೆ ಇನ್ನೂ ಹೇಳಿಲ್ಲ ಕಣೇ.”

“ಮತ್ತೇನು ಬರೀಲಿ? ಒಡವೆ ಮಾಡಿಸ್ಕೊಂಡೆ ಅಂತಾನಾ?”

ಅಷ್ಟರಲ್ಲಿ ಒಳಗಿನಿಂದ ತಂಗಿಯ ನಂಬರು ಕೂಗಿದರು. ತಂಗಿ ಎದ್ದಳು, ಕೂತಳು, ಮತ್ತೆ ಎದ್ದಳು. ಅಕ್ಕ ಅರ್ಜಿಯನ್ನು ಅವಳ ಕೈಯಿಂದ ಕಿತ್ತುಕೊಂಡು ಗೋಡೆಗೆ ಒತ್ತಿ ಹಿಡಿದು ಬರೆದಳು. ಬರೆಯುತ್ತಾ ಗಟ್ಟಿಯಾಗಿಯೇ ಓದಿಕೊಂಡಳು: “ಇದೆ. ನನ್ನ ಗಂಡನ ಆಪರೇಷನ್‌ಗೆ ಮಾಡಿದ್ದು. ಇಂತಿ, ಇವಳ ಅಕ್ಕ.”

ಬಾಗಿಲಲ್ಲಿ ಜವಾನ ಕೈ ಅಡ್ಡ ಹಿಡಿದ.

“ಒಬ್ಬರೇ ಬರಬೇಕಮ್ಮಾ.”

“ಕೆಲಸ ಒಬ್ಬಳಿಗೇ ಕೊಡಿ. ಸಾಲ ಇಬ್ಬರದು ಕಣಪ್ಪಾ,” ಎಂದ ಅಕ್ಕ, ತಂಗಿಯ ಕೈ ಹಿಡಿದು ಒಳಗೆ ನಡೆದಳು.